ಟಿವಿ ಸಂಕೇತ ಕಂಪ್ಯೂಟರಿಗೆ: ಓದುಗರ ಪ್ರಶ್ನೆಗಳು, ನಮ್ಮ ಉತ್ತರ

ಮನೆಯ ಕಂಪ್ಯೂಟರಿನಲ್ಲಿ ಟಿವಿ ನೋಡುವ ಮತ್ತು ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಲ ಉತ್ತರಿಸಲಾಗಿದೆ. ಇಂಟರ್‌ನೆಟ್ ಮೂಲಕ ಬರುವ ಟಿವಿಯ ವಿಚಾರ ಬೇರೆ. ಡಿಶ್, ಆಂಟೆನಾ ಅಥವಾ ಕೇಬಲ್ ಹೊತ್ತು ತರುವ ಸಂಕೇತವನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಇಲ್ಲಿನ ವಿಷಯ.

ಪ್ರಶ್ನೆ: ನಮ್ಮ ಮನೆಯ ಮಾಡಿನ ಮೇಲೆ ಡಿಡಿ ಫ್ರೀ ಡಿಶ್ ಇದೆ. ಚಂದನ ವಾಹಿನಿಯಲ್ಲಿ ಆಗಾಗ ಬರುವ ಯಕ್ಷಗಾನವನ್ನು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಆಸೆ. ಏನೇನು ಬೇಕು? ಮನೆಯವರು ಬಾಕ್ಸಿನಲ್ಲಿ ಬೇರೆ ವಾಹಿನಿ ನೋಡುತ್ತಿರುವಾಗಲೂ ಇದು ಸಾಧ್ಯವೇ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅತ್ಯಂತ ಅನುಕೂಲವಾದ ಸ್ಥಿತಿಯಲ್ಲಿರುವವರು ನಿಮ್ಮಂಥ ಫ್ರೀ ಡಿಶ್ ವೀಕ್ಷಕರೇ. ದೂರದರ್ಶನವು 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಸೇವೆ ಈಗ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತಿದೆ. ದೂರದರ್ಶನದ ವಾಹಿನಿಗಳು ಇಲ್ಲಿ ಬೀಗವಿಲ್ಲದೆ ಪ್ರಸಾರವಾಗುವುದರಿಂದ, ಆ ಸಂಕೇತವನ್ನು ಹಿಡಿಯಬಲ್ಲ ಯಾವ ಟ್ಯೂನರ್ ಆದರೂ ಅವನ್ನು ತೋರಿಸಬಲ್ಲದು. ಬಾಕ್ಸ್ ಮಾಡುವ ಕೆಲಸವನ್ನೇ ಕಂಪ್ಯೂಟರಿನೊಳಗಿನ ಒಂದು ಕಾರ್ಡ್ ಮಾಡುತ್ತದೆ.

ಕೊಳ್ಳಬೇಕಾದದ್ದು ಡಿವಿಬಿ-ಎಸ್2, ಅಂದರೆ ಉಪಗ್ರಹ ಟಿವಿಯ ಎರಡನೆಯ ತಲೆಮಾರಿನ ಡಿಜಿಟಲ್ ಪದ್ಧತಿಯ ಟ್ಯೂನರ್. ಕಂಪ್ಯೂಟರಿನ ಒಳಗೆ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ರೂಪದಲ್ಲೂ ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಪೆಟ್ಟಿಗೆಯ ರೂಪದಲ್ಲೂ ಅದು ಸಿಗುತ್ತದೆ. ಹಳೆಯ ಸಾಮಾನು ಮಾರುವ ಕಡೆ ಅಗ್ಗಕ್ಕೆ ಸಿಗುವ ಸ್ಕೈಸ್ಟಾರ್-2 ಮಾದರಿಯ ಪಿಸಿಐ ಕಾರ್ಡುಗಳು ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದವು, ಆದರೆ ಅವು ಮೊದಲ ತಲೆಮಾರಿನ ಡಿವಿಬಿ-ಎಸ್ ಸಂಕೇತವನ್ನು ಮಾತ್ರ ಅರಿಯುತ್ತವೆ. ಎಸ್2 ಪದ್ಧತಿಯ ಟ್ರಾನ್ಸ್‌ಪಾಂಡರುಗಳು (ಉಪಗ್ರಹದಲ್ಲಿರುವ ಪ್ರಸಾರ ಸಾಧನಗಳು) ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ಹಣ ಹೋದರೂ ಎಸ್2 ಟ್ಯೂನರನ್ನೇ ಆರಿಸಿಕೊಳ್ಳಿ. ಲಿನಕ್ಸ್ ಬಳಸುವವರಾದರೆ, ಆ ಮಾದರಿಯ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲೇ ಸೇರಿದೆಯೇ ಅಥವಾ ತಯಾರಕರ ಜಾಲತಾಣದಿಂದ ತಂದು ಪ್ರತಿ ಕರ್ನಲ್ ಬದಲಾದಾಗಲೂ ಹೊಸದಾಗಿ ಕಟ್ಟಿಕೊಳ್ಳಬೇಕೇ ಎಂಬುದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಮನೆಯವರ ಬಾಕ್ಸೂ ನಿಮ್ಮ ಕಾರ್ಡೂ ಏಕಕಾಲಕ್ಕೆ ನಡೆಯಬೇಕಾದರೆ ಡಿಶ್‌ನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಂಕೇತಗ್ರಾಹಕವನ್ನು ಬದಲಿಸಬೇಕಾಗುತ್ತದೆ. ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದು ಬಾಕ್ಸಿನಿಂದಲೇ, ಅದೇ ಕೇಬಲ್ಲಿನಲ್ಲಿ: 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ (ಮೇಲೆ-ಕೆಳಗೆ ಕಂಪಿಸುವ ಅಲೆಗಳ) ಸಂಕೇತ, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದ್ದು, ಜೊತೆಗೆ 22 ಕಿಲೋಹರ್ಟ್ಜ್‌ನ ಒಂದು ನಾದ ಸೇರಿಸಿದರೆ ಮೇಲಿನ ಬ್ಯಾಂಡ್, ಅಂದರೆ ಹೆಚ್ಚಿನ ಆವರ್ತನಗಳ ಗುಂಪು. ಒಂದೇ ಎಲ್‌ಎನ್‌ಬಿಯ ತಂತಿಯನ್ನು ಸೀಳಿ ಬಾಕ್ಸಿಗೂ ಕಾರ್ಡಿಗೂ ಕೊಟ್ಟರೆ ಎರಡು ಕಡೆಯಿಂದ ಎರಡು ಅಪ್ಪಣೆ ಹೋಗಿ, ಒಮ್ಮೆ ಇಬ್ಬರಿಗೂ ಚಿತ್ರ ಬಂದರೆ ಇನ್ನೊಮ್ಮೆ ಒಬ್ಬರಿಗೂ ಬಾರದು. ಎರಡು ಔಟ್‌ಪುಟ್‌ಗಳಿರುವ ಎಲ್‌ಎನ್‌ಬಿ ಹಾಕಿಸಿ, ಕಂಪ್ಯೂಟರಿಗೆ ಪ್ರತ್ಯೇಕ ಆರ್‌ಜಿ-6 ಕೇಬಲ್ ಎಳೆದರೆ ಈ ಜಗಳವೇ ಇರುವುದಿಲ್ಲ. ಮಲೆನಾಡಿನ ಸಿಡಿಲು ನಿಮಗೆ ಗೊತ್ತಿರುವಂಥದ್ದೇ. ಮಾಡಿನ ಮೇಲಿನ ಲೋಹದಿಂದ ನೇರವಾಗಿ ಮದರ್‌ಬೋರ್ಡಿಗೆ ತಂತಿ ಬಂದಿರುತ್ತದೆಂಬುದನ್ನು ನೆನಪಿಟ್ಟು, ಡಿಶ್‌ಗೆ ಅರ್ತಿಂಗ್ ಮಾಡಿಸಿ, ಗುಡುಗು ಶುರುವಾಗುವ ಮೊದಲೇ ಕಾರ್ಡಿನಿಂದ ಕೇಬಲ್ ಬಿಚ್ಚಿಡಿ.

ಇನ್ನು ತಂತ್ರಾಂಶದ ಮಾತು. ವಾಹಿನಿಗಳನ್ನು ಹುಡುಕಿಸುವಾಗ ಅದು ಎಲ್‌ಎನ್‌ಬಿಯ ಆಂತರಿಕ ಆವರ್ತನವನ್ನು ಕೇಳುತ್ತದೆ, ಬಹುತೇಕರು ಎಡವುವುದು ಇಲ್ಲೇ. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ ಈ ಅಂಕೆಗಳು 9750 ಮತ್ತು 10600, ಇವೆರಡರ ನಡುವಿನ ಗಡಿ 11700 ಮೆಗಾಹರ್ಟ್ಜ್. ಉಪಗ್ರಹದಿಂದ 11000 ಮೆಗಾಹರ್ಟ್ಜ್‌ನಲ್ಲಿ ಬಂದ ಸಂಕೇತದಿಂದ ಎಲ್‌ಎನ್‌ಬಿ 9750ನ್ನು ಕಳೆದು, 1250 ಮೆಗಾಹರ್ಟ್ಜ್‌ಗೆ ಇಳಿಸಿ ಕೇಬಲ್ಲಿನಲ್ಲಿ ಕಳುಹಿಸುತ್ತದೆ. ನೀವು ತಪ್ಪು ಅಂಕೆ ನಮೂದಿಸಿದರೆ ತಂತ್ರಾಂಶ ತಪ್ಪು ಜಾಗದಲ್ಲಿ ಹುಡುಕುತ್ತದೆ, ಡಿಶ್ ಸರಿಯಾಗಿದ್ದರೂ ಒಂದು ವಾಹಿನಿಯೂ ಸಿಗುವುದಿಲ್ಲ. ಎಲ್‌ಎನ್‌ಬಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಈ ಅಂಕೆ ಅಚ್ಚಾಗಿರುತ್ತದೆ. ಏಣಿ ಹತ್ತಿದವರು ಅದರ ಫೋಟೊ ತೆಗೆದುಕೊಂಡೇ ಇಳಿಯುವುದು ಒಳ್ಳೆಯದು.

ಬರೀ ನೋಡುವುದಕ್ಕೆ ವಿಎಲ್‌ಸಿ ಅಥವಾ ಕೆಫೀನ್ ಸಾಕು. ಹೊತ್ತು ಗೊತ್ತುಪಡಿಸಿ ರೆಕಾರ್ಡ್ ಮಾಡಲು ಲಿನಕ್ಸ್‌ನಲ್ಲಿ ಟಿವಿಹೆಡೆಂಡ್, ವಿಂಡೋಸ್‌ನಲ್ಲಿ ನೆಕ್ಸ್ಟ್‌ಪಿವಿಆರ್ ಉಚಿತವಾಗಿವೆ. ನಮ್ಮ ಒಲವು ಟಿವಿಹೆಡೆಂಡ್ ಕಡೆಗೆ. ಮೊದಲ ದಿನ ಅದರ ಪುಟಗಳು ತಲೆ ತಿನ್ನುತ್ತವೆ ನಿಜ. ಒಮ್ಮೆ ಹೊಂದಿಸಿದ ಮೇಲೆ ಮಾನಿಟರ್ ಇಲ್ಲದೆಯೂ ಮೂಲೆಯಲ್ಲಿ ಕೂತು ತನ್ನ ಪಾಡಿಗೆ ಕೆಲಸ ಮಾಡುತ್ತದೆ ಮತ್ತು ಮನೆಯ ವೈಫೈ ಮೂಲಕ ಮೊಬೈಲಿನಲ್ಲೂ ಚಂದನವನ್ನು ತೋರಿಸುತ್ತದೆ. ಅನೇಕರು ಈಗಲೂ ನೆನೆಯುವ ವಿಂಡೋಸ್ ಮೀಡಿಯಾ ಸೆಂಟರನ್ನು ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಿಂದ ಕೈಬಿಟ್ಟಿದೆ.

ಇನ್ನೊಂದು ಅನುಕೂಲವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಟ್ರಾನ್ಸ್‌ಪಾಂಡರಿನಲ್ಲಿ ಹಲವು ವಾಹಿನಿಗಳು ಒಂದೇ ಬಸ್ಸಿನ ಪ್ರಯಾಣಿಕರಂತೆ ಒಟ್ಟಿಗೆ ಬರುತ್ತವೆ. ಬಂದದ್ದೆಲ್ಲ 188 ಬೈಟುಗಳ ಸಣ್ಣ ಪೊಟ್ಟಣಗಳು, ಪ್ರತಿ ಪೊಟ್ಟಣದ ಮೇಲೂ ಅದು ಯಾವುದಕ್ಕೆ ಸೇರಿದ್ದೆಂಬ ಗುರುತಿನ ಸಂಖ್ಯೆ. ಹೀಗಾಗಿ ಒಂದೇ ಟ್ಯೂನರಿನಿಂದ ಆ ಟ್ರಾನ್ಸ್‌ಪಾಂಡರಿನ ಎರಡು ಮೂರು ವಾಹಿನಿಗಳನ್ನು ಏಕಕಾಲಕ್ಕೆ ರೆಕಾರ್ಡ್ ಮಾಡಲು ಅಡ್ಡಿಯಿಲ್ಲ. ಬೇರೆ ಟ್ರಾನ್ಸ್‌ಪಾಂಡರಿನ ವಾಹಿನಿ ಬೇಕೆಂದಾಗ ಮಾತ್ರ ಎರಡನೆಯ ಟ್ಯೂನರ್ ಬೇಕಾಗುತ್ತದೆ.

ಪ್ರಶ್ನೆ: ಹೊಸ ಕಂಪ್ಯೂಟರ್ ಕೊಳ್ಳಲೇಬೇಕೇ? ನನ್ನದು ಹದಿನೈದು ವರ್ಷ ಹಳೆಯ ಕೋರ್ 2 ಡ್ಯುಯೊ.
— ದಾವಣಗೆರೆಯ ಓದುಗರು

ಉತ್ತರ: ಬೇಡ. ಉಪಗ್ರಹದಿಂದ ಬರುವ ಚಿತ್ರ ಮೊದಲೇ ಎಂಪೆಗ್-2 ಅಥವಾ ಎಂಪೆಗ್-4 ರೂಪದಲ್ಲಿ ಸಂಕುಚಿತವಾಗಿರುತ್ತದೆ, ರೆಕಾರ್ಡ್ ಮಾಡುವುದೆಂದರೆ ಅದನ್ನು ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುವುದು ಮಾತ್ರ. ಪ್ರೊಸೆಸರಿಗೆ ಅದರಲ್ಲಿ ಹೆಚ್ಚಿನ ಕೆಲಸವಿಲ್ಲ. ಕಂಪ್ಯೂಟರಿಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಒಂದು ದೊಡ್ಡ ಹಾರ್ಡ್ ಡಿಸ್ಕನ್ನೂ ಸಣ್ಣ ಯುಪಿಎಸ್ಸನ್ನೂ ಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಡಿಜಿಟಲ್ ಟಿವಿ ಸ್ಟಿಕ್’ ಎಂದು ಮಾರುವ ಯುಎಸ್‌ಬಿ ಸಾಧನ ತರಿಸಿದೆ. ಮನೆಗೆ ಬರುವ ಕೇಬಲ್ ಟಿವಿಯ ತಂತಿಯನ್ನು ಅದಕ್ಕೆ ಸಿಕ್ಕಿಸಿ ಎಷ್ಟು ಹುಡುಕಿಸಿದರೂ ಒಂದು ವಾಹಿನಿಯೂ ಬರಲಿಲ್ಲ. ಸಾಧನ ಕೆಟ್ಟಿದೆಯೇ?
— ಬೆಂಗಳೂರಿನ ಜಯನಗರದ ಓದುಗರು

ಉತ್ತರ: ಸಾಧನ ಸರಿಯಾಗಿಯೇ ಇರಬಹುದು, ನಿಮ್ಮ ಮನೆಯ ಸಂಕೇತಕ್ಕೆ ಅದು ಹೊಂದುವಂಥದ್ದಲ್ಲ. ಡಿಜಿಟಲ್ ಟಿವಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪದ್ಧತಿಗಳಿವೆ. ಉಪಗ್ರಹಕ್ಕೆ ಎಸ್ ಮತ್ತು ಎಸ್2, ಕೇಬಲ್ಲಿಗೆ ಸಿ, ನೆಲದ ಗೋಪುರಗಳಿಂದ ಆಂಟೆನಾಗೆ ಬರುವ ಪ್ರಸಾರಕ್ಕೆ ಟಿ ಮತ್ತು ಟಿ2. ಅಗ್ಗದ ಸ್ಟಿಕ್‌ಗಳಲ್ಲಿ ಬಹುಪಾಲು ಯುರೋಪಿಗಾಗಿ ತಯಾರಾದ ಡಿವಿಬಿ-ಟಿ ಮಾದರಿಯವು, ಹೆಚ್ಚಾಗಿ ರಿಯಲ್‌ಟೆಕ್‌ನ ಆರ್‌ಟಿಎಲ್2832ಯು ಚಿಪ್ ಇರುವಂಥವು. ದೂರದರ್ಶನವು ನೆಲದಿಂದ ಡಿಜಿಟಲ್ ಪ್ರಸಾರ ಆರಂಭಿಸಿದ್ದು 2016ರಲ್ಲಿ, ಬೆಂಗಳೂರೂ ಸೇರಿ ಆಯ್ದ ನಗರಗಳಲ್ಲಿ, ಅದೂ ಟಿ2 ಪದ್ಧತಿಯಲ್ಲಿ. ಟಿ ಮಾತ್ರ ತಿಳಿದ ಸ್ಟಿಕ್ ಅದನ್ನೂ ಹಿಡಿಯದು. ಟಿ2 ಸ್ಟಿಕ್ ಕೊಳ್ಳುವ ಮನಸ್ಸಿದ್ದರೆ, ಮೊದಲು ಆ ಪದ್ಧತಿಯ ಟ್ಯೂನರ್ ಇರುವ ಯಾರಾದರೂ ಪರಿಚಿತರ ಟಿವಿಗೆ ಆಂಟೆನಾ ಜೋಡಿಸಿ ನಿಮ್ಮ ಬಡಾವಣೆಯಲ್ಲಿ ಸಂಕೇತ ಸಿಗುತ್ತದೆಯೇ ಎಂದು ಪರೀಕ್ಷಿಸಿ.

ಸ್ಟಿಕ್ ಬದಲಿಸಿ ಡಿವಿಬಿ-ಸಿ ಟ್ಯೂನರ್ ತಂದರೂ ಕೇಬಲ್ ವಾಹಿನಿಗಳು ಬರುವ ಸಂಭವ ಕಡಿಮೆ. ಕೇಬಲ್ ಟಿವಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಬಲ್‌ನವರು ವಾಹಿನಿಗಳನ್ನು ಬೀಗ ಹಾಕಿಯೇ ಕಳುಹಿಸಬೇಕಾಗಿದೆ. ಬೆಂಗಳೂರು ಮತ್ತು ಮೈಸೂರು ನಗರಗಳು ಇದರ ಎರಡನೆಯ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಂದಿಗೆ ಸೇರಿದ್ದವು. ಹೀಗಾಗಿ ಸಿ ಟ್ಯೂನರಿನಲ್ಲಿ ಹುಡುಕಿಸಿದಾಗ ವಾಹಿನಿಗಳ ಹೆಸರುಗಳ ಉದ್ದನೆಯ ಪಟ್ಟಿಯೇ ಬಂದೀತು, ಯಾವುದನ್ನು ಒತ್ತಿದರೂ ಪರದೆ ಮಾತ್ರ ಕಪ್ಪು. ಬೀಗ ತೆರೆಯುವ ಕೀಲಿ ಇರುವುದು ಕೇಬಲ್‌ನವರು ಕೊಟ್ಟ ಬಾಕ್ಸಿನಲ್ಲಿ. ಆ ಸ್ಟಿಕ್ಕನ್ನು ಎಸೆಯಬೇಡಿ, ಅದೇ ಚಿಪ್ ಇದ್ದರೆ ಸೂಕ್ತ ತಂತ್ರಾಂಶ ಹಾಕಿ ಎಫ್‌ಎಂ ರೇಡಿಯೊದಿಂದ ಹಿಡಿದು ವಿಮಾನಗಳ ಸಂಕೇತದವರೆಗೆ ಏನೇನೋ ಕೇಳುವ ರೇಡಿಯೊ ಆಗಿ ಬಳಸುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ.

ಪ್ರಶ್ನೆ: ನಮ್ಮಲ್ಲಿರುವುದು ಖಾಸಗಿ ಕಂಪನಿಯ ಡಿಟಿಎಚ್. ಬಾಕ್ಸಿನ ಎಚ್‌ಡಿಎಂಐ ತಂತಿಯನ್ನು ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟರೆ ಪರದೆ ಕಪ್ಪಾಗಿಯೇ ಇರುತ್ತದೆ. ಪರಿಹಾರವೇನು?
— ಹಾಸನದ ಓದುಗರು

ಉತ್ತರ: ಬಾಕ್ಸ್ ಮತ್ತು ಟಿವಿಯ ನಡುವೆ ಎಚ್‌ಡಿಸಿಪಿ ಎಂಬ ರಕ್ಷಣೆ ಇರುತ್ತದೆ. ತಂತಿಯ ಆಚೆ ತುದಿಯಲ್ಲಿರುವುದು ಮಾನ್ಯತೆ ಪಡೆದ ಟಿವಿಯೆಂದು ಖಾತ್ರಿಯಾದ ಮೇಲೆಯೇ ಬಾಕ್ಸ್ ಚಿತ್ರವನ್ನು ಬಿಡುತ್ತದೆ. ಅದನ್ನು ದಾಟಿಸುತ್ತೇವೆಂದು ಮಾರುವ ಸಲಕರಣೆಗಳಿವೆ, ಆದರೆ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಅವುಗಳನ್ನು ನಾವು ಸೂಚಿಸುವುದಿಲ್ಲ.

ಬಾಕ್ಸಿನ ಹಿಂಬದಿಯಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಪಿನ್ನುಗಳಿದ್ದರೆ ಅವುಗಳಿಂದ ಸಾಧಾರಣ ಚಿತ್ರವನ್ನು ಪಡೆಯಬಹುದು. ಕೆಲವು ಬಾಕ್ಸ್‌ಗಳಲ್ಲಿ ಇವು ಒಂದೇ ಸಣ್ಣ ತೂತಿನಲ್ಲಿ ಅಡಗಿರುತ್ತವೆ. ಎವಿ ಕ್ಯಾಪ್ಚರ್ ಸಾಧನವೊಂದನ್ನು ಯುಎಸ್‌ಬಿಗೆ ಜೋಡಿಸಿ ಒಬಿಎಸ್ ಸ್ಟುಡಿಯೊದಂಥ ತಂತ್ರಾಂಶದಲ್ಲಿ ತೆರೆದರೆ 720 ಗುಣಿಸು 576 ಅಳತೆಯ ಚಿತ್ರ ಬರುತ್ತದೆ. ಆಟಗಾರನ ಕೈಕಾಲು ಆಡಿದಾಗಲೆಲ್ಲ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಡಿಇಂಟರ್‌ಲೇಸ್ ಆಯ್ಕೆಯನ್ನು ಚಾಲೂ ಮಾಡಿ. ಇಲ್ಲಿ ಚಿತ್ರವನ್ನು ಹೊಸದಾಗಿ ಸಂಕುಚಿಸಬೇಕಾದ್ದರಿಂದ ದಾವಣಗೆರೆಯ ಓದುಗರಿಗೆ ಹೇಳಿದ ಮಾತು ನಿಮಗೆ ಅನ್ವಯಿಸುವುದಿಲ್ಲ, ಲ್ಯಾಪ್‌ಟಾಪ್ ಸಾಕಷ್ಟು ಬಿಸಿಯಾಗುತ್ತದೆ. ಜೊತೆಗೆ ಬಾಕ್ಸಿನಲ್ಲಿ ಯಾವ ವಾಹಿನಿ ಇದೆಯೋ ಅದು ಮಾತ್ರ ರೆಕಾರ್ಡ್ ಆಗುವುದರಿಂದ ಆ ಹೊತ್ತಿಗೆ ಯಾರೂ ರಿಮೋಟ್ ಮುಟ್ಟಬಾರದು. ಕೆಲವು ಡಿಟಿಎಚ್ ಬಾಕ್ಸ್‌ಗಳು ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿಕೊಳ್ಳುತ್ತವೆಯಾದರೂ ಆ ಕಡತ ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ತೆರೆಯುತ್ತದೆ.

ಪ್ರಶ್ನೆ: 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನದಲ್ಲಿ ಪಾಠಗಳು ಬರುತ್ತಿದ್ದವು. ಅಂಥ ಶೈಕ್ಷಣಿಕ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ತರಗತಿಯಲ್ಲಿ ತೋರಿಸುವುದು ಕಾನೂನಿಗೆ ವಿರುದ್ಧವೇ? ಯೂಟ್ಯೂಬಿಗೆ ಹಾಕಬಹುದೇ?
— ಚಳ್ಳಕೆರೆಯ ಶಿಕ್ಷಕಿ

ಉತ್ತರ: ಮೊದಲನೆಯದಕ್ಕೆ ಅವಕಾಶವಿದೆ, ಎರಡನೆಯದಕ್ಕೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೆಯ ಕಲಮು ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷಗಳ ಹಕ್ಕನ್ನು ಕೊಡುತ್ತದೆ. ಆದರೆ 39ನೆಯ ಕಲಮಿನ ಪ್ರಕಾರ, ರೆಕಾರ್ಡ್ ಮಾಡಿಕೊಂಡವರ ಖಾಸಗಿ ಬಳಕೆಗಾಗಿ ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಮಾಡಿಕೊಂಡ ರೆಕಾರ್ಡಿಂಗ್ ಆ ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಶಿಕ್ಷಕರಾದ ನಿಮ್ಮನ್ನು ಈ ಮಾತು ನೇರವಾಗಿಯೇ ಒಳಗೊಳ್ಳುತ್ತದೆ. ಯೂಟ್ಯೂಬಿಗೆ ಏರಿಸುವುದೆಂದರೆ ಸಾರ್ವಜನಿಕರಿಗೆ ತಲುಪಿಸಿದಂತೆ, ಅದಕ್ಕೆ ಪ್ರಸಾರ ಸಂಸ್ಥೆಯ ಅನುಮತಿ ಬೇಕು. ಪಾಠದ ನಡುವೆ ಬಳಸಿದ ಹಾಡು, ಚಿತ್ರಗಳ ಹಕ್ಕು ಬೇರೆಯವರದಾಗಿದ್ದರೆ ಅವರದೂ ಬೇಕು. ಶಿರಸಿಯ ಓದುಗರು ಯಕ್ಷಗಾನ ರೆಕಾರ್ಡ್ ಮಾಡಿ ಮನೆಯಲ್ಲಿ ನೋಡಿದರೆ ತೊಂದರೆಯಿಲ್ಲ, ವಾಟ್ಸ್ಆ್ಯಪ್ ಗುಂಪುಗಳಿಗೆ ಹಂಚತೊಡಗಿದರೆ ಅದು ಖಾಸಗಿ ಬಳಕೆಯೆಂದು ವಾದಿಸುವುದು ಕಷ್ಟ.

ಪ್ರಶ್ನೆ: ಜೋರು ಮಳೆ ಬಂದಾಗಲೆಲ್ಲ ರೆಕಾರ್ಡಿಂಗ್ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತದೆ. ಉಳಿದ ದಿನಗಳಲ್ಲಿ ಚಿತ್ರ ಚೆನ್ನಾಗಿಯೇ ಇರುತ್ತದೆ. ಟ್ಯೂನರ್ ಬದಲಿಸಬೇಕೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಟ್ಯೂನರಿನದು ತಪ್ಪಿಲ್ಲ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಡಿಜಿಟಲ್ ಸಂಕೇತವು ಹಳೆಯ ಅನಲಾಗ್‌ನಂತೆ ನಿಧಾನವಾಗಿ ಮಸುಕಾಗದೆ, ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಒಮ್ಮೆಗೇ ಬಿದ್ದುಹೋಗುತ್ತದೆ. ಮಾಡಬೇಕಾದದ್ದು ಒಣ ದಿನದಲ್ಲಿ ಡಿಶ್‌ನ ದಿಕ್ಕನ್ನು ಇನ್ನಷ್ಟು ನಿಖರಗೊಳಿಸಿ ಮಳೆಗಾಲಕ್ಕೆ ಕೈಯಲ್ಲಿ ಸ್ವಲ್ಪ ಬಲ ಇಟ್ಟುಕೊಳ್ಳುವುದು. ಟಿವಿಯ ಮುಂದೆ ಒಬ್ಬರು ಕೂತು ‘ಬಂತು, ಹೋಯಿತು’ ಎಂದು ಕೂಗುವ ಪದ್ಧತಿಗಿಂತ ಕಂಪ್ಯೂಟರ್ ಇಲ್ಲಿ ನಿಜಕ್ಕೂ ಮೇಲು. ತಂತ್ರಾಂಶ ತೋರಿಸುವ ಸಂಕೇತದ ಬಲವನ್ನು ಬಿಟ್ಟು ಅದರ ಗುಣಮಟ್ಟವನ್ನು, ಅಂದರೆ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತವನ್ನು ನೋಡುತ್ತ, ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಅಂಕೆ ಅತಿ ಹೆಚ್ಚಾದ ಜಾಗದಲ್ಲಿ ನಟ್ಟು ಬಿಗಿಯಿರಿ.

ಲೆಕ್ಕ ಹಾಕಿದರೆ ಜಿಸ್ಯಾಟ್-15 ಬೆಂಗಳೂರಿನಿಂದ ಆಗ್ನೇಯದಲ್ಲಿ, ಉತ್ತರದಿಂದ ಸುಮಾರು 128 ಡಿಗ್ರಿ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಶಿರಸಿಯಿಂದ ನೋಡಿದರೆ ಆ ಎತ್ತರ 62 ಡಿಗ್ರಿಯ ಆಸುಪಾಸು, ನಿಮ್ಮ ಕಡೆ ಇವೆರಡರ ನಡುವೆ. ಎಲ್‌ಎನ್‌ಬಿಯ ತೋಳು ಕೆಳಗಡೆಯಿಂದ ಚಾಚಿಕೊಂಡಿರುವ ನಮ್ಮ ಡಿಶ್‌ಗಳು ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ನೋಡುತ್ತಿರುತ್ತವೆ. ಆದ್ದರಿಂದ ಡಿಶ್‌ನ ಮುಖಕ್ಕೆ ನೇರವಾಗಿ ಕಾಣುವ ಅಡಿಕೆ ಮರ ಅಡ್ಡಿಯೆಂದು ಕಡಿಸುವ ಮೊದಲು, ಅದರ ತಲೆ ನಿಜಕ್ಕೂ ಆ ಎತ್ತರದಲ್ಲಿದೆಯೇ ಎಂದು ಅಳೆದು ನೋಡಿ. ಕೇಬಲ್ಲಿನ ಹೊರತುದಿಯ ಕನೆಕ್ಟರಿಗೆ ನೀರು ಇಳಿದು ತಾಮ್ರ ಹಸಿರುಗಟ್ಟಿದ್ದರೆ ಅದನ್ನೂ ಬದಲಿಸಿ.

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಊರಿನಿಂದ ಡಿವಿಬಿ-ಎಸ್2 ಕಾರ್ಡ್ ತಂದರೆ ಇಲ್ಲಿ ಚಂದನ ನೋಡಬಹುದೇ? ಇಲ್ಲಿನ ಆಂಟೆನಾ ವಾಹಿನಿಗಳನ್ನು ರೆಕಾರ್ಡ್ ಮಾಡಲು ಏನು ಬೇಕು?
— ನ್ಯೂಜೆರ್ಸಿಯ ಕನ್ನಡಿಗರು

ಉತ್ತರ: ಕಾರ್ಡ್ ತರಬೇಡಿ, ಆ ಉಪಗ್ರಹ ನಿಮ್ಮ ಪಾಲಿಗೆ ಭೂಮಿಯ ಆಚೆ ಬದಿಯಲ್ಲಿದೆ. ಚಂದನದ ಅನೇಕ ಕಾರ್ಯಕ್ರಮಗಳು ಅದರ ಯೂಟ್ಯೂಬ್ ಪುಟದಲ್ಲೇ ಇವೆ. ಸ್ಥಳೀಯ ವಾಹಿನಿಗಳಿಗೆ ಬೇಕಾದದ್ದು ಎಟಿಎಸ್‌ಸಿ ಪದ್ಧತಿಯ ಟ್ಯೂನರ್. ಅಲ್ಲಿನ ದೊಡ್ಡ ಕೇಂದ್ರಗಳು 2009ರ ಜೂನ್ 12ರಂದು ಅನಲಾಗ್ ಪ್ರಸಾರ ನಿಲ್ಲಿಸಿದಂದಿನಿಂದ ಇದೇ ಪದ್ಧತಿ ನಡೆಯುತ್ತಿದೆ. ಆಂಟೆನಾ ಸಿಕ್ಕಿಸಿ ಮನೆಯ ರೂಟರಿಗೆ ಜೋಡಿಸುವ ಎಚ್‌ಡಿಹೋಮ್‌ರನ್‌ನಂಥ ಪೆಟ್ಟಿಗೆ ಇದಕ್ಕೆ ಸುಲಭದ ದಾರಿ, ಆಗ ಮನೆಯ ಯಾವ ಕಂಪ್ಯೂಟರಿನಲ್ಲಾದರೂ ನೋಡಬಹುದು. ಎಟಿಎಸ್‌ಸಿ 3.0 ಎಂಬ ಹೊಸ ಪದ್ಧತಿಯಲ್ಲಿ ಕೆಲವು ಕೇಂದ್ರಗಳು ಉಚಿತ ಪ್ರಸಾರಕ್ಕೂ ಬೀಗ ಹಾಕುತ್ತಿರುವುದರಿಂದ ಸದ್ಯಕ್ಕೆ ಹಳೆಯ ಪದ್ಧತಿಯ ಟ್ಯೂನರನ್ನೇ ನಂಬುವುದು ಲೇಸು.

ಪ್ರಶ್ನೆ: ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇವೆ. ಲಿನಕ್ಸ್‌ನಲ್ಲಿ ರಾತ್ರಿ 9 ಗಂಟೆಗೆ ಹೊಂದಿಸಿಟ್ಟ ರೆಕಾರ್ಡಿಂಗ್ ಮಧ್ಯಾಹ್ನ ಮೂರೂವರೆಗೆ ಆಗಿರುತ್ತದೆ, ಅದೂ ಕೆಲವು ದಿನ ಮಾತ್ರ. ಉದ್ದನೆಯ ಕಾರ್ಯಕ್ರಮವಾದರೆ ಮೂರು ಗಂಟೆ ದಾಟಿದ ಮೇಲೆ ತಾನಾಗಿ ನಿಂತುಹೋಗುತ್ತದೆ. ಕಾರ್ಡಿನ ದೋಷವೇ?
— ಮೈಸೂರಿನ ಓದುಗರು

ಉತ್ತರ: ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು, ಎರಡರಲ್ಲೂ ಕಾರ್ಡಿನ ಪಾತ್ರವಿಲ್ಲ. ಒಂಬತ್ತರಿಂದ ಮೂರೂವರೆಗೆ ಇರುವ ಅಂತರ ಐದೂವರೆ ಗಂಟೆ, ಅಂದರೆ ಜಾಗತಿಕ ಸಮಯಕ್ಕೂ ಭಾರತೀಯ ಸಮಯಕ್ಕೂ ಇರುವ ಅಂತರ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಭಾರತೀಯ ಸಮಯವನ್ನು ಬರೆದಿಡುತ್ತದೆ. ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ತಿಳಿದು ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳುತ್ತದೆ. ಹೀಗಾಗಿ ನಿಜವಾಗಿ ಮೂರೂವರೆಯಾದಾಗ ಲಿನಕ್ಸ್‌ಗೆ ರಾತ್ರಿ ಒಂಬತ್ತಾಗಿರುತ್ತದೆ. ಇಂಟರ್‌ನೆಟ್ ಸಂಪರ್ಕ ಇದ್ದ ದಿನ ಲಿನಕ್ಸ್ ತನ್ನ ಸಮಯವನ್ನು ಅಲ್ಲಿಂದ ಸರಿಪಡಿಸಿಕೊಳ್ಳುವುದರಿಂದ ತೊಂದರೆ ಕಾಣಿಸದು, ಇಲ್ಲದ ದಿನ ಎಡವಟ್ಟಾಗುತ್ತದೆ. ಮದರ್‌ಬೋರ್ಡಿನ ಗಡಿಯಾರ ಸ್ಥಳೀಯ ಸಮಯದಲ್ಲಿದೆಯೆಂದು ಲಿನಕ್ಸ್‌ನ ಸಮಯದ ಸೆಟ್ಟಿಂಗಿನಲ್ಲಿ ಸೂಚಿಸಿ, ಅಥವಾ ಜಾಗತಿಕ ಸಮಯವನ್ನೇ ಬಳಸುವಂತೆ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಬದಲಿಸಿ. ಎರಡರಲ್ಲಿ ಒಂದನ್ನು ಮಾತ್ರ ಮಾಡಬೇಕು.

ಮೂರು ಗಂಟೆಗೆ ನಿಲ್ಲುವುದಕ್ಕೆ ನೀವು ರೆಕಾರ್ಡ್ ಮಾಡುತ್ತಿರುವ ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವುದು ಕಾರಣವಿರಬೇಕು. ಅದರಲ್ಲಿ ಒಂದು ಕಡತ 4 ಜಿಬಿಯನ್ನು ದಾಟುವಂತಿಲ್ಲ. ಸಾಧಾರಣ ಗುಣಮಟ್ಟದ ವಾಹಿನಿ ಸೆಕೆಂಡಿಗೆ 3 ಮೆಗಾಬಿಟ್ ಬಳಸುತ್ತದೆಂದು ಹಿಡಿದರೆ ಗಂಟೆಗೆ 1.35 ಜಿಬಿ ಆಗುತ್ತದೆ, ಮೂರು ಗಂಟೆ ದಾಟುತ್ತಿದ್ದಂತೆ ಮಿತಿ ಮುಟ್ಟುತ್ತದೆ. 8 ಮೆಗಾಬಿಟ್‌ನ ಎಚ್‌ಡಿ ವಾಹಿನಿಯಾದರೆ ಒಂದು ಗಂಟೆ ಹತ್ತು ನಿಮಿಷದ ಹೊತ್ತಿಗೇ ನಿಂತೀತು. ಡ್ರೈವ್‌ನಲ್ಲಿರುವುದನ್ನು ಬೇರೆಡೆಗೆ ನಕಲು ಮಾಡಿಕೊಂಡು, ವಿಂಡೋಸ್‌ನಲ್ಲೂ ಓದಬೇಕಾದರೆ ಎನ್‌ಟಿಎಫ್‌ಎಸ್, ಲಿನಕ್ಸ್‌ನಲ್ಲಿ ಮಾತ್ರ ಸಾಕಾದರೆ ಎಕ್ಸ್ಟ್4 ಮಾದರಿಯಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿ. ಕಾರ್ಯಕ್ರಮಗಳು ಹೇಳಿದ ಹೊತ್ತಿಗೆ ಮುಗಿಯುವುದು ಅಪರೂಪವಾದ್ದರಿಂದ, ಮೊದಲು ಐದು ನಿಮಿಷ, ಕೊನೆಗೆ ಹದಿನೈದು ನಿಮಿಷ ಹೆಚ್ಚುವರಿಯಾಗಿ ರೆಕಾರ್ಡ್ ಆಗುವಂತೆ ತಂತ್ರಾಂಶದಲ್ಲಿ ಹೊಂದಿಸಿಡಿ.